ಯಾರೂ ಕೇಳದ ಮನೆ

ಕಿರಿಬಾಸ್ ದ್ವೀಪದೇಶದ ಬೈರಿಕಿಯಲ್ಲಿ, ಸರ್ಕಾರಿ ಕಚೇರಿಯ ಮಹಡಿಯ ಕೋಣೆಯಲ್ಲಿ, ಬೆಳಗಿನ ಹೊತ್ತು, ತೇಯಾಬೊ ಎಂಬ ಹೆಂಗಸು ಕಂಪ್ಯೂಟರಿನ ಮುಂದೆ ಕೂತಿದ್ದಳು. ಪರದೆಯ ಮೇಲಿಂದ ಮೂರು ಮುಖಗಳು ಅವಳನ್ನು ನೋಡುತ್ತಿದ್ದವು. ಅವಳೂ ಅವುಗಳನ್ನು ನೋಡುತ್ತಿದ್ದಳು, ಅಷ್ಟೇ.

ಅದೇ ಕಚೇರಿಯಲ್ಲಿ ಹೆಚ್ಚುಕಡಿಮೆ ಇಡೀ ಆಯುಷ್ಯ ದುಡಿದವಳು ಅವಳು. ಜನಗಣತಿ, ಮನೆಗಣತಿ, ಯಾರ ಒಲೆಯ ಮೇಲೆ ಏನು ಬೇಯುತ್ತದೆ ಎಂಬ ಗಣತಿ ಎಂದು ಹಡಗು ಹತ್ತಿ ಕಿರಿಬಾಸಿನ ದ್ವೀಪ ದ್ವೀಪ ಅಲೆದು, ಕೊನೆಗೆ ಆ ವಿಭಾಗಕ್ಕೇ ಮುಖ್ಯಸ್ಥಳಾಗಿ ನಿವೃತ್ತಿ ಪಡೆದಿದ್ದಳು. ಈಗ ಫಿಜಿಯ ಸುವಾದಲ್ಲಿರುವ ಒಂದು ದೊಡ್ಡ ಕಚೇರಿಗೆ ತಜ್ಞರೊಬ್ಬರು ಬೇಕಾಗಿದ್ದರು. ಶಾಂತಸಾಗರದ ದೇಶಗಳಿಗೆಲ್ಲ ಬಡತನ ಅಳೆಯುವ ಒಂದೇ ಕೈಪಿಡಿ ಬರೆಯಬೇಕು. ಟೋಂಗಾದ ಬಡವನೂ ಕಿರಿಬಾಸಿನ ಬಡವನೂ ಒಂದೇ ಅಳತೆಗೋಲಿಗೆ ಸಿಗಬೇಕು. ಅದಕ್ಕಾಗಿ ಈ ಸಂದರ್ಶನ.

"ತೇಯಾಬೊ ಅವರೇ, ನಿಮ್ಮ ಪ್ರಕಾರ ಬಡವರು ಅಂದ್ರೆ ಯಾರು?" ಎಂದು ಕೇಳಿದವಳು ತರೈವಿನಿ. ಕಿವಿಯ ಮೇಲೆ ಹೂವು ಸಿಕ್ಕಿಸಿಕೊಂಡ, ದುಂಡುಮುಖದ ಫಿಜಿಯವಳು. ಆ ಕೆಲಸದ ಯಜಮಾನಿಕೆ ಅವಳದೇ.

"ನೀವು ಎಳೆಯೋ ಗೆರೆಯಿಂದ ಕೆಳಗಿರೋರು."

"ಗೆರೆ ಯಾರು ಎಳೀಬೇಕು ಹಾಗಾದ್ರೆ?"

"ಸಂಬಳ ತಗೊಳ್ಳೋರು."

ಮೂರೂ ಮುಖಗಳು ನಕ್ಕವು. ತೇಯಾಬೊ ತಮಾಷೆಗೆ ಹೇಳಿರಲಿಲ್ಲ. ಸ್ವಲ್ಪ ದಿನ ಕಳೆದ ಮೇಲೆ ತರೈವಿನಿಯೇ ಫೋನು ಮಾಡಿ, ಕೆಲಸ ನಿಮಗೇ ಅಂದಳು. "ಬಂದೋರೆಲ್ಲ ಅವರವರ ದೇಶದ ಪರ ವಾದ ಮಾಡಿದ್ರು. ನಿಮ್ಮ ದನೀಲಿ ಮಾತ್ರ ಯಾರ ಪರಾನೂ ಇರ್ಲಿಲ್ಲ. ನಮಗೆ ಅಂಥೋರೇ ಬೇಕಾಗಿತ್ತು."

"ಹೌದಾ," ಅಂದಳು ತೇಯಾಬೊ.

ಅವಳ ದನಿ ಹಾಗಾದದ್ದು ಹಿಂದಿನ ಪಡುವಣ ಗಾಳಿಯ ಕಾಲದಿಂದ. ಗಂಡ ಬುರೇಮೋವಾ ಮುಂಜಾನೆ ಎದ್ದು ಟ್ಯೂನಾ ಹಿಡಿಯಲು ಹೊರಗಡಲಿಗೆ ಹೋದವನು ಹಿಂದಿರುಗಲಿಲ್ಲ. ವಿಮಾನ ಬಂದು ಸುತ್ತು ಹಾಕಿತು. ದೋಣಿಯೂ ಸಿಗಲಿಲ್ಲ, ದೇಹವೂ ಸಿಗಲಿಲ್ಲ. ಇಂಥವರು ಎಷ್ಟೋ ವಾರ ನೀರಿನ ಮೇಲೆ ತೇಲಿ, ಎಲ್ಲೋ ದೂರದ ದಡ ಮುಟ್ಟಿ, ಬಿಸಿಲಿಗೆ ಕರಿಕಾಗಿ ಮನೆಗೆ ಬಂದದ್ದುಂಟು. ಹಾಗಾಗಿ ಅಳಬೇಕೋ ಬೇಡವೋ ಎಂದು ಅವಳಿಗೆ ಯಾರೂ ಹೇಳಲಿಲ್ಲ. ಅವಳು ಅಳಲೂ ಇಲ್ಲ. ಅನ್ನ ಬೇಯಿಸುತ್ತಿದ್ದಳು, ಉಣ್ಣುತ್ತಿದ್ದಳು, ಉಪ್ಪು ಹಾಕಿದೆನೋ ಇಲ್ಲವೋ ಅನ್ನುವುದು ಗೊತ್ತಾಗುತ್ತಿರಲಿಲ್ಲ.

ಬುರೇಮೋವಾನ ಅಣ್ಣ ಯೋಟೇಬಾ ಮಾತ್ರ ತಮ್ಮ ಬದುಕಿದ್ದಾನೆ ಎಂದು ಊರೆಲ್ಲ ಸಾರಿದ್ದ. ಅದಕ್ಕೆ ಅವನಲ್ಲಿ ಕಾರಣವೂ ಇತ್ತು. ಹರೆಯದಲ್ಲಿ ಅವನೇ ಹಾಗೆ ಕಡಲಲ್ಲಿ ಕಳೆದುಹೋಗಿ, ಮಾರ್ಷಲ್ ದ್ವೀಪಗಳ ಹತ್ತಿರ ಹಡಗೊಂದಕ್ಕೆ ಸಿಕ್ಕಿ, ತಿರುಗಿ ಬರುವ ಹೊತ್ತಿಗೆ ಮನೆಯವರು ಅವನ ಸಾವಿನ ಪ್ರಾರ್ಥನೆ ಮುಗಿಸಿ ಊಟವನ್ನೂ ಹಾಕಿಬಿಟ್ಟಿದ್ದರು.

"ನನ್ನ ತಿಥಿ ಉಂಡೋರು ಇನ್ನೂ ಊರಲ್ಲಿ ತಿರುಗಾಡ್ಕೊಂಡಿದಾರೆ," ಅನ್ನುತ್ತಿದ್ದ. "ಅವರ ಮುಖ ಕಂಡಾಗೆಲ್ಲ ನಂಗೆ ಹೊಟ್ಟೆ ಉರಿಯತ್ತೆ. ಅಷ್ಟು ದೊಡ್ಡ ಹಂದಿ ಕಡಿದು, ನಂಗೆ ಅಂತ ಒಂದೇ ಒಂದು ತುಂಡು ಎತ್ತಿಡ್ಲಿಲ್ಲ, ದರಿದ್ರದೋರು!"

ಆದ್ದರಿಂದ ತಮ್ಮನಿಗೆ ಪ್ರಾರ್ಥನೆಯಿಲ್ಲ, ಊಟವಿಲ್ಲ. ಹಿರಿಯವನು ಹೂಂ ಅನ್ನದೆ ಪಾದ್ರಿಯೂ ಮುಂದಕ್ಕೆ ಬರುವಂತಿರಲಿಲ್ಲ.

ಕೆಲಸ ಸಿಕ್ಕ ಸುದ್ದಿ ತಿಳಿದ ದಿನ ಯೋಟೇಬಾ ಬಂದು ಜಗಲಿಯ ಮೇಲೆ ಕೂತು ನಕ್ಕ. "ಮುಗೀತು ನಿನ್ನ ಕಥೆ. ಇನ್ನು ಊರೋರೆಲ್ಲ ಬುಬುಸಿ ಅಂತ ಸಾಲಾಗಿ ಬರ್ತಾರೆ. ಉಟ್ಟ ಬಟ್ಟೆ ಗಟ್ಟಿಯಾಗಿ ಹಿಡ್ಕೊ."

ಬುಬುಸಿ ಅಂದರೆ ಬಂದು ಕೇಳುವುದು. ಕೇಳಿದವರಿಗೆ ಇಲ್ಲ ಎಂದರೆ ಮುಖವೆತ್ತಿ ತಿರುಗಾಡುವ ಹಾಗಿಲ್ಲ. ಬುರೇಮೋವಾ ಇದ್ದ ದಿನಗಳಲ್ಲಿ ಆ ಮನೆಯ ಬಾಗಿಲಿಗೆ ಕೇಳುವವರ ಸಾಲು ತಪ್ಪುತ್ತಿರಲಿಲ್ಲ. ಮೋಟಾರ್ ಸೈಕಲ್ಲು ಹಾಗೆಯೇ ಹೋಯಿತು; ಅವನೂ ಸುಮ್ಮನಿರದೆ ಇನ್ನೊಬ್ಬನ ದೋಣಿ ಎಂಜಿನ್ನನ್ನು ಕೇಳಿ ತಂದ. ಗಂಡ ಹೆಂಡತಿ ಅದಕ್ಕೆ ಜಗಳವಾಡುತ್ತಿದ್ದರು, ಆಮೇಲೆ ಬಂದವರಿಗೆ ಚಹಾ ಕಾಸುತ್ತಿದ್ದರು.

ಮೊದಲ ಸಂಬಳ ಬಂತು. ಅಕ್ಕಿ ಮೂಟೆ ಬಂತು, ದನದ ಮಾಂಸದ ಡಬ್ಬಗಳು ಬಂದವು. ಯಾರೂ ಬರಲಿಲ್ಲ.

ಬರಲಿಲ್ಲ ಅಂದರೆ ಕೇಳುವುದಕ್ಕೆ ಬರಲಿಲ್ಲ. ಕೊಡುವುದಕ್ಕೆ ಎಲ್ಲರೂ ಬರುತ್ತಿದ್ದರು. ಪಕ್ಕದ ಮನೆಯ ಮೆರೆಟಾಕಾ ಹುರಿದ ಮೀನು ಇಟ್ಟು, "ಚೆನ್ನಾಗಿದೀಯಾ ಅಕ್ಕ?" ಎಂದು ಮೆಲ್ಲಗೆ ಕೇಳಿ, ಉತ್ತರಕ್ಕೂ ಕಾಯದೆ ಹೋಗುತ್ತಿದ್ದಳು. ಒಂದು ಸಂಜೆ ಅವಳ ಮನೆಯಲ್ಲಿ ಅಕ್ಕಿ ಮುಗಿದಿತ್ತು. ಪಾತ್ರೆ ಹಿಡಿದು ಹೊರಟವಳು ತೇಯಾಬೊಳ ಮನೆಯ ಮುಂದೆ ಹೆಜ್ಜೆ ನಿಧಾನ ಮಾಡಿದಳು. ಮೂಟೆ ಜಗಲಿಯ ಮೇಲೇ ಕಾಣುತ್ತಿತ್ತು. ಆದರೂ ತಲೆ ತಗ್ಗಿಸಿ ದಾಟಿ, ಊರ ಸಭೆಮನೆಯ ಆಚೆ ಇರುವ ಯಾರನ್ನೋ ಕೇಳಲು ಹೋದಳು. ಅದು ಕಟ್ಟಲೆಯಲ್ಲ, ಯಾರೂ ಯಾರಿಗೂ ಹೇಳಿಕೊಟ್ಟದ್ದೂ ಅಲ್ಲ. ಗಂಡ ಇದ್ದಾನೋ ಇಲ್ಲವೋ ಗೊತ್ತಿಲ್ಲದ ಹೆಂಗಸಿನ ಮುಂದೆ ಕೈ ಚಾಚುವುದು ಹೇಗೆ ಎಂದು ಎಲ್ಲರಿಗೂ ಬಾಯಿ ಕಟ್ಟಿತ್ತು. ತೇಯಾಬೊ ಕಿಟಕಿಯಿಂದ ನೋಡಿದಳು. ಊರು ತನ್ನನ್ನು ಕೊಡುವವರ ಸಾಲಿನಿಂದ ತೆಗೆದು ಬೇರೆ ಎಲ್ಲೋ ಕೂರಿಸಿದೆ ಎಂದು ತಿಳಿಯಿತು. ಹೀಗೇ ಉಳಿದರೆ ಸಾಯುವ ತನಕ ಅಲ್ಲಿಯೇ. ತಿಳಿದರೂ ಎದೆಯೊಳಗೆ ಏನೂ ಆಗಲಿಲ್ಲ.

ಕೈಪಿಡಿಯ ಕೆಲಸ ನಡೆಯಿತು. ಎಲ್ಲ ಅಧ್ಯಾಯವೂ ಸಲೀಸಾಗಿ ಹೋಗಿ ಒಂದು ಕಡೆ ಸಿಕ್ಕಿಕೊಂಡಿತು: ಕೇಳಿದವರಿಗೆ ಕೊಟ್ಟದ್ದನ್ನು ಹೇಗೆ ಲೆಕ್ಕ ಹಿಡಿಯುವುದು? ತರೈವಿನಿಯ ಪ್ರಕಾರ, ಕೊಟ್ಟ ಮನೆಯಿಂದ ಅದನ್ನು ಕಳೆಯಬೇಕು.

"ಕಳೆದ್ರೆ ಕೊಟ್ಟ ಮನೆ ಬಡವಾಗತ್ತೆ," ಅಂದಳು ತೇಯಾಬೊ ಫೋನಿನಲ್ಲಿ.

"ಆಗತ್ತೆ, ನಂಗೊತ್ತಿಲ್ವಾ? ನಮ್ಮನೇಲೂ ಇದೇ ಗೋಳು. ನಮ್ಮತ್ತೆ ಬಂದು ನಿಂತ್ರೆ ಫ್ರಿಡ್ಜೇ ಎದ್ದು ಅವರ ಹಿಂದೆ ನಡ್ಕೊಂಡು ಹೋಗತ್ತೆ. ಆದ್ರೆ ಇಷ್ಟೊಂದು ದೇಶದ ಅಂಕಿಅಂಶ ಒಂದರ ಪಕ್ಕ ಒಂದು ಕೂರ್ಬೇಕಲ್ಲ. ಹೋದದ್ದು ಹೋಯ್ತು ಅಂತ ಕಳೀರಿ. ಮೊದಲು ನಿಮ್ಮೂರಲ್ಲೇ ಪರೀಕ್ಷೆ ಮಾಡಿ ನೋಡಿ."

ತಾನು ಬರೆದ ಪ್ರಶ್ನೆಗೆ ತಾನೇ ಮೊದಲು ಉತ್ತರ ಕೊಡುವುದು ತೇಯಾಬೊಳ ಹಳೆಯ ಪದ್ಧತಿ. ತನ್ನ ಮನೆ ಬರೆದಳು, ಅಕ್ಕಪಕ್ಕದವರದನ್ನು ಬರೆದಳು. ಮೆರೆಟಾಕಾಳ ಮನೆಗೆ ಬಂದ ಮೀನಿನಲ್ಲಿ ಅರ್ಧ ಹೊರಗೆ ಹೋಗಿತ್ತು, ಕಳೆದಾಗ ಅವರು ಗೆರೆಯ ಕೆಳಗೆ ಬಿದ್ದರು. ತೇಯಾಬೊಳ ಮನೆಗೆ ಎಲ್ಲರೂ ತಂದು ಕೊಟ್ಟದ್ದು ಸೇರುತ್ತ ಹೋಯಿತು, ಹೊರಗೆ ಹೋದದ್ದು ಏನೂ ಇಲ್ಲ. ಊರಿಗೆಲ್ಲ ಸಿರಿವಂತ ಮನೆ ಅವಳದೇ ಎಂದು ತೀರ್ಮಾನ ಬಂತು. ಅವಳು ಎದ್ದು ಅಕ್ಕಿ ಮೂಟೆಯನ್ನು ನೋಡಿದಳು. ಹುಳ ಹಿಡಿದಿತ್ತು.

ನನ್ನ ಬಳಿ ಬಂದು ಕೇಳಿ ಎಂದು ಯಾರನ್ನೂ ಬೇಡಿಕೊಳ್ಳುವಂತಿಲ್ಲ, ಅದು ಭಿಕ್ಷೆಗಿಂತ ಕಡೆ. ಉಳಿದ ದಾರಿ ಒಂದೇ. ತಾನೇ ಹೋಗಿ ಕೇಳಬೇಕು. ತಾನು ಕೇಳಿದರೆ ಅವರಿಗೂ ತನ್ನನ್ನು ಕೇಳಲು ಬಾಯಿ ಬರುತ್ತದೆ. ಮಧ್ಯಾಹ್ನ ಮೆರೆಟಾಕಾಳ ಮನೆಗೆ ಹೋದಳು.

"ಮೆರೆಟಾಕಾ, ಬುಬುಸಿಗೆ ಬಂದೆ."

ಚಾಪೆ ಹೆಣೆಯುತ್ತಿದ್ದ ಮೆರೆಟಾಕಾ ಧಡಕ್ಕನೆ ಎದ್ದಳು. "ಕೇಳಕ್ಕ! ಏನ್ ಬೇಕು? ಹಂದಿಮರಿ ಬೇಕಾ? ಈ ಚಾಪೆ? ಗಂಡ ಬೇಕಿದ್ರೂ ಕರ್ಕೊಂಡೋಗು, ಹಗಲೆಲ್ಲ ಮಲಗಿರ್ತಾನೆ," ಎಂದು ನಗಿಸಲು ನೋಡಿ, ಆಡಿದ್ದು ಏನೆಂದು ಹೊಳೆದು ನಾಲಿಗೆ ಕಚ್ಚಿಕೊಂಡಳು.

ತೇಯಾಬೊ ಸುತ್ತ ಕಣ್ಣು ಹಾಯಿಸಿದಳು. ಹಂದಿಮರಿಯನ್ನು ನೋಡಿದಳು, ಚಾಪೆಯನ್ನು ನೋಡಿದಳು, ಗೋಡೆಗೆ ನೇತುಹಾಕಿದ ಲಾಟೀನನ್ನು ನೋಡಿದಳು. ಒಂದೂ ಬೇಕು ಅನ್ನಿಸಲಿಲ್ಲ. ಬೇಕು ಅನ್ನುವುದು ಹೇಗೆ ಎನ್ನುವುದೇ ಮರೆತುಹೋದಂತಿತ್ತು.

"ಏನೂ ಇಲ್ಲ ಬಿಡು," ಅಂದಳು.

ಮೆರೆಟಾಕಾಳ ಕಣ್ಣು ತುಂಬಿತು. ಸುಟ್ಟ ದೀವಿಹಲಸಿನ ಕಾಯೊಂದನ್ನು ಎಲೆಯಲ್ಲಿ ಸುತ್ತಿ ಕೈಗಿಟ್ಟಳು. ಕೇಳಲು ಹೋದವಳು ಮತ್ತೊಂದು ದಾನ ಹಿಡಿದುಕೊಂಡು ಮನೆಗೆ ಬಂದಳು.

ಆ ಕಾಯನ್ನು ಮುಂದಿಟ್ಟುಕೊಂಡು ಕೂತಿದ್ದಾಗಲೇ, ತನಗೆ ಬೇಕಾದದ್ದು ಒಂದಿದೆ ಎಂದು ಅವಳಿಗೆ ಗೊತ್ತಾದದ್ದು. ಅದು ಮೆರೆಟಾಕಾಳ ಬಳಿ ಇರಲಿಲ್ಲ.

ಯೋಟೇಬಾ ಒಳಗಡಲಿನ ದಂಡೆಯಲ್ಲಿ, ತೆಂಗಿನ ನೆರಳಲ್ಲಿ, ತೊಡೆಯ ಮೇಲೆ ನಾರು ಹೊಸೆಯುತ್ತ ಕೂತಿದ್ದ.

"ಭಾವ, ಬುಬುಸಿಗೆ ಬಂದಿದೀನಿ."

"ಅಬ್ಬ, ಕೊನೆಗೂ!" ಮುದುಕನ ಮುಖ ಅರಳಿತು. "ಕೇಳು, ಕೇಳು. ಈ ಹಗ್ಗ ಬೇಕಾ? ತೆಂಗಿನಮರ ಬೇಕಾ? ಹಲ್ಲಿನ ಸೆಟ್ಟು ಮಾತ್ರ ಕೇಳ್ಬೇಡ, ಒಂದೇ ಇರೋದು."

"ನಿಮ್ಮ ತಮ್ಮನ ಸಾವು ಕೊಡಿ."

ಹೊಸೆಯುತ್ತಿದ್ದ ಕೈ ನಿಂತಿತು. ಇಳಿತದ ನೀರು ದೂರ ಸರಿದು ಮರಳು ಬತ್ತಲಾಗಿತ್ತು.

"ಅದು ನನ್ ಹತ್ರ ಎಲ್ಲಿದೆಯಮ್ಮ?"

"ನಿಮ್ಮ ಹತ್ರಾನೇ ಇದೆ. ನೀವು ಹೂಂ ಅಂದ್ರೆ ಪಾದ್ರಿ ಬರ್ತಾರೆ. ನೀವು ಅನ್ನೋವರೆಗೂ ನಾನು ಹೆಂಡ್ತೀನೂ ಅಲ್ಲ, ವಿಧವೇನೂ ಅಲ್ಲ. ಊರೋರು ನನ್ನ ದಾಟ್ಕೊಂಡು ಹೋಗ್ತಾರೆ."

"ನಾನು ಬಂದಿರ್ಲಿಲ್ವಾ?"

"ಬಂದ್ರಿ."

"ಅವನೂ ಬಂದುಬಿಟ್ರೆ?"

"ಬಂದ್ರೆ ಇರಲಿ ಅಂತ ಒಂದು ತುಂಡು ಎತ್ತಿಡ್ತೀನಿ."

ಯೋಟೇಬಾ ನಗಲು ಹೋದ. ನಗು ಅರ್ಧಕ್ಕೇ ಕೆಮ್ಮಾಯಿತು. "ಬೇರೆ ಏನಾದ್ರೂ ಕೇಳೇ ತೇಯಾಬೊ. ಮನೆ ಕೇಳು, ಕೊಡ್ತೀನಿ. ಇದೊಂದು ಬೇಡ. ಅಲ್ಲಿ ನೀರಿನ ಮೇಲೆ ಬಿದ್ದಿದ್ದಾಗ ನಾನು ಏನು ಅಂದ್ಕೊಂಡು ಉಸಿರು ಹಿಡ್ಕೊಂಡಿದ್ದೆ ಗೊತ್ತಾ? ಮನೇಲಿ ಯಾರೋ ಒಬ್ರಾದ್ರೂ ಕಾಯ್ತಿದಾರೆ ಅಂತ."

"ಬೇರೆ ಏನೂ ಬೇಕು ಅನ್ನಿಸ್ತಿಲ್ಲ ಭಾವ. ನೋಡಿದೆ. ಇದೊಂದೇ."

ಅವನು ಕಡಲ ಕಡೆ ನೋಡಿದ. ಕೇಳಿಯಾಗಿತ್ತು, ಕೇಳಿದ್ದನ್ನು ಯಾವತ್ತೂ ಇಲ್ಲವೆಂದವನಲ್ಲ ಅವನು. ಕೈಯಲ್ಲಿದ್ದ ನಾರನ್ನು ನೆಲಕ್ಕಿಟ್ಟ.

"ತಗೊ," ಅಂದ. ಆಮೇಲೆ ಒರಟಾಗಿ, "ಹೋಗು, ಪಾದ್ರಿಗೆ ನಾನೇ ಹೇಳ್ತೀನಿ. ನೀನು ಹೋಗಿಬಿಡು ಈಗ," ಅಂದ.

ಸಭೆಮನೆಯಲ್ಲಿ ಪ್ರಾರ್ಥನೆಯಾಯಿತು. ಜನ ಚಾಪೆ ತಂದರು, ಹಂದಿ ಕಡಿದರು, ಹಾಡಿದರು. ಸಣ್ಣ ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅತ್ತವನು ಯೋಟೇಬಾ. ತೇಯಾಬೊ ಅವನ ಪಕ್ಕ ಕೂತು ಬೆನ್ನು ಸವರುತ್ತಿದ್ದಳು. ಅವಳ ಕಣ್ಣು ಒಣಗಿಯೇ ಇತ್ತು. ಒಂದು ತುಂಡನ್ನು ಎಲೆಯಲ್ಲಿ ಸುತ್ತಿ ಎತ್ತಿಟ್ಟಳು. ಆಮೇಲೆ ಅದನ್ನು ಬೆಕ್ಕು ತಿನ್ನುವುದು ಕಂಡರೂ ಓಡಿಸಲಿಲ್ಲ.

ಮಾರನೆಯ ದಿನ ಸುವಾಕ್ಕೆ ಅಧ್ಯಾಯ ಕಳಿಸಿದಳು. ಕೊಟ್ಟದ್ದನ್ನು ತರೈವಿನಿ ಹೇಳಿದಂತೆಯೇ ಕಳೆದಿದ್ದಳು. ಕೆಳಗೆ ಒಂದು ಮಾತು ಸೇರಿಸಿದ್ದಳು: ಯಾರೂ ಏನೂ ಕೇಳಲು ಬಾರದ ಮನೆಯನ್ನು, ಅದು ಎಷ್ಟೇ ತುಂಬಿರಲಿ, ಬೇರೆಯಾಗಿ ಗುರುತಿಸಬೇಕು.

ತರೈವಿನಿ ಫೋನು ಮಾಡಿದಳು. "ಇದನ್ನ ಕೊನೇ ಪುಟಕ್ಕೆ ಹಾಕ್ತೀನಿ, ಸಣ್ಣಕ್ಷರದಲ್ಲಿ. ಅದಕ್ಕಿಂತ ಮುಂದೆ ತರಕ್ಕೆ ನನ್ ಕೈಲಾಗಲ್ಲ, ಬೇಜಾರು ಮಾಡ್ಕೋಬೇಡಿ."

"ಸಾಕು," ಅಂದಳು ತೇಯಾಬೊ. ಬೇಜಾರು ಅವಳಿಗೆ ಆಗಿರಲೂ ಇಲ್ಲ.

ಆ ವಾರ ಕಳೆಯುವುದರೊಳಗೆ, ಅವಳು ಮಿಶನ್ನಿನ ಮುಂದೆ ಹರಿದ ರವಿಕೆಗೆ ಹೊಲಿಗೆ ಹಾಕುತ್ತ ಕೂತಿದ್ದಾಗ ಮೆರೆಟಾಕಾ ಬಂದು ಮೆಟ್ಟಿಲ ಬಳಿ ನಿಂತಳು. ಕೈಯಲ್ಲಿ ಮೀನಿರಲಿಲ್ಲ. ಖಾಲಿ ಕೈಯನ್ನು ಏನು ಮಾಡುವುದೆಂದು ತಿಳಿಯದೆ ಬೆರಳು ಹಿಸುಕಿಕೊಳ್ಳುತ್ತಿದ್ದಳು.

"ಅಕ್ಕ... ಬುಬುಸಿಗೆ ಬಂದೆ."

"ಏನು?"

"ಆ ಹೊಲಿಗೆ ಮಿಶನ್ನು."

"ಇದಾ?"

"ಹೂಂ. ಅದೇ."

"ನಾನು ಹೊಲೀತಾ ಇದೀನಿ ಕಣೇ! ಸೂಜಿ ಇನ್ನೂ ಬಟ್ಟೇಲೇ ಇದೆ!"

"ಕಾಣ್ತಿದೆ ಅಕ್ಕ. ಮುಗಿಸ್ಕೊ, ಕಾಯ್ತೀನಿ," ಎಂದು ಮೆರೆಟಾಕಾ ಮೆಟ್ಟಿಲ ಮೇಲೆ ಕೂತೇಬಿಟ್ಟಳು.

ತೇಯಾಬೊ ಮಿಶನ್ನನ್ನು ಎರಡೂ ಕೈಯಿಂದ ಹಿಡಿದುಕೊಂಡಳು. ಇವಳ ಮನೆ ಹಾಳಾಗ, ಊರಲ್ಲಿ ಬೇರೆ ಮಿಶನ್ನೇ ಇಲ್ಲವಾ? ಇದೊಂದನ್ನು ಎಷ್ಟು ಜೋಪಾನ ಮಾಡಿದ್ದೆ! ಕೆನ್ನೆ ಬಿಸಿಯಾಯಿತು, ಕಿವಿ ಬಿಸಿಯಾಯಿತು. ಹಲ್ಲಿನಲ್ಲಿ ದಾರ ಕಡಿದು, ಮಿಶನ್ನನ್ನು ಎತ್ತಿ ಅವಳ ತೋಳಿಗೆ ದಪ್ಪನೆ ಹೊರಿಸಿದಳು.

"ಎಣ್ಣೆ ಹಾಕ್ದೆ ಓಡಿಸ್ಬೇಡ. ನಿನ್ನ ಮಕ್ಕಳು ಮುಟ್ಟಿದ್ರೆ ನಾನಲ್ಲಿಗೇ ಬಂದು ಕೈ ಮುರೀತೀನಿ, ಹೇಳಿದೀನಿ!"

"ಆಯ್ತಕ್ಕ, ಆಯ್ತು," ಎಂದು ಮೆರೆಟಾಕಾ ಭಾರಕ್ಕೆ ಬಾಗಿ, ಮರಳಿನ ಮೇಲೆ ಓಲಾಡಿಕೊಂಡು ಹೋದಳು. ತೇಯಾಬೊ ಬಾಗಿಲಲ್ಲಿ ನಿಂತು, ಅವಳು ಮರೆಯಾಗುವ ತನಕ ಬೈಯುತ್ತಲೇ ಇದ್ದಳು.