ಬೊಟ್ಟಿನ ಜಾಗ

ನಮ್ಮ ಮನೆಯ ಕನ್ನಡಿಯಲ್ಲಿ ಮುಖ ನೋಡಿಕೊಳ್ಳಬೇಕಾದರೆ ಮೊದಲು ಬೊಟ್ಟುಗಳ ಸಂದಿಯಲ್ಲಿ ಜಾಗ ಹುಡುಕಿಕೊಳ್ಳಬೇಕಿತ್ತು. ಉಡಿಗಾಲದ ನಮ್ಮ ಹಜಾರದ ಕಂಬಕ್ಕೆ ಮೊಳೆ ಹೊಡೆದು ತೂಗುಹಾಕಿದ್ದ ಸಣ್ಣ ಕನ್ನಡಿ ಅದು. ಮಲಗುವ ಮುಂಚೆ ಅಕ್ಕ ಹಣೆಯ ಸ್ಟಿಕ್ಕರ್ ಕಿತ್ತು ಅದರ ಅಂಚಿಗೆ ಅಂಟಿಸುವಳು, ಬೆಳಿಗ್ಗೆ ಅದನ್ನೇ ಎತ್ತಿ ಹಣೆಗೆ ಒತ್ತಿಕೊಳ್ಳುವಳು. ಅಂಟು ಸತ್ತರೂ ಬಿಸಾಡುತ್ತಿರಲಿಲ್ಲ. ಅಪ್ಪ ಗಡ್ಡ ಹೆರೆದುಕೊಳ್ಳಲು ನಿಂತಾಗಲೆಲ್ಲ, "ಈ ಕನ್ನಡೀಗೂ ಮದ್ವ ವಯಸ್ಸು ಬಂದದ, ಯಾರ್ಗಾದ್ರೂ ಕೊಟ್ಬುಡನ" ಎಂದು ಗೊಣಗುತ್ತಿದ್ದ.

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನಿನ್ನೂ ಪ್ರೈಮರಿ ಶಾಲೆ. ಅಕ್ಕ ನನಗಿಂತ ಎಂಟೊಂಬತ್ತು ವರ್ಷ ದೊಡ್ಡವಳು, ಓದು ಬಿಟ್ಟು ಅವ್ವನ ಜೊತೆ ಅರಿಶಿನದ ಕೆಲಸಕ್ಕೆ ಹೋಗುತ್ತಿದ್ದಳು. ಅವಳದೊಂದು ತಗಡಿನ ಡಬ್ಬಿಯಿತ್ತು. ಅದರಲ್ಲಿ ಪೌಡರು, ಸ್ನೋ, ಕಣ್ಣಿಗೆ ಹಚ್ಚುವ ಕಪ್ಪು, ಮುಚ್ಚಳ ಕಚ್ಚಿಕೊಂಡು ಬಿಚ್ಚಲಾಗದ ಉಗುರುಬಣ್ಣದ ಶೀಶೆ, ಒಂದಿಷ್ಟು ಹೇರ್‌ಪಿನ್ನು. ಸ್ನೋ ಎಂದರೆ ಮುಖ ಬೆಳ್ಳಗಾಗಲು ತಿಕ್ಕುವ ಬಿಳಿ ಕ್ರೀಮು ಎಂದೇ ನಾನು ತಿಳಿದಿದ್ದೆ. ಅದಕ್ಕೆ ಹಿಮ ಅಂತ ಅರ್ಥವಿದೆ ಎನ್ನುವುದು ಗೊತ್ತಾಗಿದ್ದು ಹೈಸ್ಕೂಲಿಗೆ ಹೋದ ಮೇಲೆ. ಮನೆಯಲ್ಲಿ ಯಾರೂ ಇಲ್ಲದಾಗ ಆ ಡಬ್ಬಿ ತೆರೆದು ಮೂಗು ಹಾಕಿದರೆ ನನಗೆ ಹೊಟ್ಟೆ ತುಂಬುತ್ತಿತ್ತು. ಒಂದು ದಿನ ಪೌಡರನ್ನು ಧಾರಾಳವಾಗಿ ಬಳಿದುಕೊಂಡು ಬೀದಿಗೆ ಹೊರಟಿದ್ದೆ. ಜಗುಲಿಯಲ್ಲಿ ಕೂತಿದ್ದ ಅಜ್ಜಿ, "ಯಾರ ಮನ ಹಿಟ್ಟಿನ್ ಮಡಕ್ಗ ಬಿದ್ದಿದ್ದಮ್ಮಿ?" ಎಂದು ಕೇಳಿ ಊರಿಗೆಲ್ಲ ಕೇಳುವಂತೆ ನಕ್ಕಿತು.

ಅಕ್ಕ ಕಪ್ಪು. ಲಕ್ಷಣವಾದ ಮುಖ, ಉದ್ದ ಜಡೆ, ಆದರೆ ಕಪ್ಪು. ನಾನೂ ಕಪ್ಪೇ, ಆದರೆ ನನ್ನ ಸರದಿ ಇನ್ನೂ ಬಂದಿರಲಿಲ್ಲ. "ಕಪ್ಪಾದ್ರೂ ಕಸ್ತೂರಿ" ಎಂದು ಅಜ್ಜಿ ಹೇಳುತ್ತಿತ್ತು. ಗಂಡಿನ ಕಡೆಯವರಿಗೆ ಮಾತ್ರ ಕಸ್ತೂರಿಯ ಬೆಲೆ ಗೊತ್ತಿರಲಿಲ್ಲ. ಬಂದವರು ತಿಂಡಿ ತಿಂದು, ಕಾಫಿ ಕುಡಿದು, ಊರಿಗೆ ಹೋಗಿ ಹೇಳಿಕಳಿಸುತ್ತೇವೆ ಎಂದು ಎದ್ದುಹೋಗುತ್ತಿದ್ದರು. ಅವರು ಹೋದ ಸಂಜೆ ಅಕ್ಕ ಸ್ನೋ ಶೀಶೆಯ ತಳವನ್ನು ಬೆರಳಲ್ಲಿ ಕೆರೆಯುತ್ತಿದ್ದಳು. ದಿನವಿಡೀ ಅರಿಶಿನದ ಕೊಂಬು ಮುರಿದು ಅವಳ ಅಂಗೈ ಹಳದಿಯಾಗಿರುತ್ತಿತ್ತು. ಹಳದಿ ಅಂಗೈಯಲ್ಲಿ ಬಿಳಿ ಕ್ರೀಮನ್ನು ಕಪ್ಪು ಕೆನ್ನೆಗೆ ತಿಕ್ಕುತ್ತಾ ಕನ್ನಡಿಯ ಮುಂದೆ ನಿಲ್ಲುತ್ತಿದ್ದಳು. ಅವಳು ಬೆಳ್ಳಗಾಗಲಿ ಎಂದು ನಮ್ಮ ಮನೆಯಲ್ಲಿ ಬೇಡಿಕೊಳ್ಳದ ದೇವರಿರಲಿಲ್ಲ.

ಬೊಟ್ಟಿನ ವಿಷಯದಲ್ಲಿ ಮಾತ್ರ ಅಜ್ಜಿಗೂ ಅಕ್ಕನಿಗೂ ದಿನಾ ಜಗಳ. ಅಜ್ಜಿಯದು ಹಳೇ ಪದ್ಧತಿ: ಹಣೆಗೆ ಒಂದಿಷ್ಟು ಮೇಣ ಸವರಿ, ಅದರ ಮೇಲೆ ಕುಂಕುಮ ಒತ್ತುವುದು. ಬಿಸಿಲಲ್ಲಿ ಅರಿಶಿನ ಹರಡುವಾಗ ಕುಂಕುಮ ಬೆವರಿನ ಜೊತೆ ಮೂಗಿನ ತನಕ ಇಳಿಯುತ್ತದೆ ಎಂದು ಅಕ್ಕ ಚಾಮರಾಜನಗರದಿಂದ ಸ್ಟಿಕ್ಕರ್ ತರಿಸಿದ್ದಳು. ಬಸ್ ಸ್ಟ್ಯಾಂಡಿನ ಹತ್ತಿರ ಸಾಬರದೊಂದು ಫ್ಯಾನ್ಸಿ ಸ್ಟೋರಿತ್ತು. ಗಂಡ ಹೆಂಡತಿ ಇಬ್ಬರೂ ಕೂತು ವ್ಯಾಪಾರ ಮಾಡುವವರು. ತಮ್ಮತಮ್ಮಲ್ಲಿ ಉರ್ದು, ನಮ್ಮೊಡನೆ ಕನ್ನಡ. ಮೆರೂನ್ ಬಣ್ಣದ ಮಖಮಲ್ಲಿನ ಗುಂಡು ಬೊಟ್ಟುಗಳು ಒಂದು ಹಾಳೆಯ ಮೇಲೆ ಸಾಲಾಗಿ ಕೂತಿದ್ದವು. ನನಗೆ ಅವುಗಳ ಮೇಲೆ ಬೆರಳಾಡಿಸುವುದೇ ಒಂದು ಸುಖ. ಅಜ್ಜಿ ಮಾತ್ರ ಮೊದಲ ದಿನವೇ ತೀರ್ಪು ಕೊಟ್ಟಿತು.

"ಹಣಗ ಗೋಂದು ಅಂಟುಸ್ಕಂಡವ್ಳಲ್ಲ, ಇವ್ಳೇನು ಟಪಾಲು ಕವರಾ?"

ಎಲ್ಲರೂ ನಕ್ಕೆವು. ಅಜ್ಜಿಯ ಮಾತಿಗೆ ನಗದೆ ಯೋಚಿಸಿದ್ದರೆ ಎಂದು ಈಗ ಅನ್ನಿಸುತ್ತದೆ. ಆಗ ಯಾರಿಗೆ ಅಷ್ಟು ಪುರುಸೊತ್ತು!

ಮೊದಲು ನವೆ ಬಂತು. ಅಕ್ಕ ಕೆಲಸದ ನಡುವೆ ಹೊರಗೈಯಿಂದ ಹಣೆ ಉಜ್ಜಿಕೊಳ್ಳುತ್ತಿದ್ದಳು. ಗುಂಡ್ಲುಪೇಟೆಯಿಂದ ಒಂದು ಸಂಬಂಧ ಬರುವುದಿದ್ದ ವಾರ, ಬಚ್ಚಲಲ್ಲಿ ಮುಖ ತೊಳೆಯುತ್ತಿದ್ದವಳು ನನ್ನನ್ನು ಒಳಗೆ ಕರೆದಳು. ಸ್ಟಿಕ್ಕರ್ ಕಿತ್ತ ಜಾಗವನ್ನು ತೋರಿಸಿ, "ಇಲ್ಲೇನಾರ ಅಂಟ್ಕಂಡದ ನೋಡಮ್ಮಿ" ಎಂದಳು. ಹುಬ್ಬುಗಳ ನಡುವೆ ಹೆಸರುಕಾಳಿನಷ್ಟು ಬಿಳಿ. ನಾನು ಅವಳ ಸೆರಗಿನ ತುದಿ ಒದ್ದೆ ಮಾಡಿ ತಿಕ್ಕಿದೆ. ಗೋಂದು ಉಳಿದಿರಬೇಕು ಎಂದುಕೊಂಡು ಉಗುರಲ್ಲಿ ಕೆರೆದೆ. ಅದು ಹೋಗಲಿಲ್ಲ. ಅಕ್ಕ ನನ್ನ ಮುಖ ನೋಡುತ್ತಿದ್ದಳು, ನಾನು ಅವಳ ಹಣೆ ನೋಡುತ್ತಿದ್ದೆ, ಇಬ್ಬರ ಬಾಯಲ್ಲೂ ಆ ಪದ ಬರಲಿಲ್ಲ.

ಆ ಪದ ತೊನ್ನು. ನಮ್ಮ ಬೀದಿಯ ಕೊನೆಯ ಮನೆಯಲ್ಲಿ ತೊನ್ನಿನ ಹೆಂಗಸೊಬ್ಬಳಿದ್ದಳು. ಮದುವೆ ಮನೆಯಲ್ಲಿ ಅವಳಿಗೆ ಎಲೆ ಹಾಕುತ್ತಿರಲಿಲ್ಲ, ಊಟವನ್ನು ಮನೆಗೇ ಕಳಿಸಿಕೊಡುತ್ತಿದ್ದರು. ಅವಳನ್ನು ಮುಟ್ಟಿದರೆ ಅಂಟುತ್ತದೆ ಎಂದು ನಮಗೆ ಹೆದರಿಸಿದ್ದರು. ಅದು ಅಂಟುರೋಗವಲ್ಲ ಎಂದು ಹೇಳುವವರು ಯಾರೂ ಇರಲಿಲ್ಲ. ಅವಳಿಗೆ ಬಂತೆಂದು ಅವಳ ತಂಗಿಯರಿಗೂ ಗಂಡು ಸಿಕ್ಕಿರಲಿಲ್ಲ. ಅಕ್ಕನ ಹಣೆಯ ಮೇಲಿನ ಆ ಚುಕ್ಕೆ ಅವಳೊಬ್ಬಳದಲ್ಲ, ನನ್ನದೂ ಹೌದು ಎನ್ನುವುದು ಅಷ್ಟು ಸಣ್ಣ ವಯಸ್ಸಿನಲ್ಲೂ ನನಗೆ ಅರ್ಥವಾಯಿತು.

ಅವ್ವ ಬಂದು ನೋಡಿದಳು. ಬೆರಳಲ್ಲಿ ಒತ್ತಿದಳು. ಆಮೇಲೆ ದೇವರ ಗೂಡಿನ ಕಡೆ ತಿರುಗಿ ಕೈಮುಗಿದಳು.

"ಸದ್ಯ, ದೇವ್ರು ದೊಡ್ಡೋನು ಕಣಮ್ಮಿ. ಕೆನ್ನ ಮ್ಯಾಲೋ ತುಟಿ ಮ್ಯಾಲೋ ಕೊಟ್ಟಿದ್ರ ಏನ್ ಮಾಡ್ಬೇಕಾಗಿತ್ತು? ಬೊಟ್ಟಿನ್ ಜಾಗ್ದಲ್ಲೇ ಕೊಟ್ಟವ್ನ. ಬೊಟ್ಟು ಮುಚ್ಕತದ ಬುಡು. ಯಾರ್ಗೂ ಏಳ್ಬ್ಯಾಡಿ."

ಆ ಮಾತನ್ನು ನಾನು ಇವತ್ತಿಗೂ ಮರೆತಿಲ್ಲ. ಬೊಟ್ಟಿನ ಜಾಗದಲ್ಲೇ ಕೊಟ್ಟಿದ್ದಾನೆ. ಅಷ್ಟಗಲ ಮೈಯಲ್ಲಿ ಆ ಬಿಳಿ ಅಲ್ಲೇ ಯಾಕೆ ಬಂತು ಎಂದು ನಾವು ಯಾರೂ ಕೇಳಲಿಲ್ಲ. ದೇವರ ಕರುಣೆ ಎಂದುಕೊಂಡೆವು. ಕುಂಕುಮ ಇಟ್ಟರೆ ಬೆವರಿಗೆ ಇಳಿದು ಗುಟ್ಟು ಬಯಲಾಗುತ್ತದೆ ಎಂದು, ಇನ್ನು ಮೇಲೆ ಸ್ಟಿಕ್ಕರನ್ನು ಹಣೆಯಿಂದ ತೆಗೆಯಲೇಬಾರದು ಎಂದು ಅವ್ವ ಕಟ್ಟಪ್ಪಣೆ ಮಾಡಿದಳು. ಕನ್ನಡಿಯ ಅಂಚಿನಲ್ಲಿ ಹೊಸ ಬೊಟ್ಟು ಕೂರುವುದು ನಿಂತುಹೋಯಿತು.

ಗುಂಡ್ಲುಪೇಟೆಯವರು ಒಪ್ಪಿದರು. ಗಂಡು ತರಕಾರಿ ಮಂಡಿಯಲ್ಲಿ ತೂಕ ಹಾಕುವವನು, ಒಳ್ಳೆಯವನು, ಅವನೂ ಕಪ್ಪೇ. ಚಪ್ಪರದ ದಿನ ಅರಿಶಿನ ಹಚ್ಚುವಾಗ ಅವ್ವ ಬೇರೆ ಯಾವ ಮುತ್ತೈದೆಗೂ ಅಕ್ಕನ ಹಣೆ ಮುಟ್ಟಲು ಬಿಡಲಿಲ್ಲ. ತಾನೇ ಗೋಡೆಗೆ ಮಣ್ಣು ಮೆತ್ತುವ ಹಾಗೆ ದಪ್ಪಗೆ ಮೆತ್ತಿದಳು. ಮಗಳ ಮೇಲೆ ಎಷ್ಟು ಆಸೆ ನೋಡಿ ಎಂದು ಹೆಂಗಸರು ಕಣ್ಣೊರೆಸಿಕೊಂಡರು.

ರಜೆಯಲ್ಲಿ ನಾನು ಗುಂಡ್ಲುಪೇಟೆಗೆ ಹೋಗುತ್ತಿದ್ದೆ. ಮಂಡಿಯ ಹಿಂದಿನ ಬೀದಿಯಲ್ಲಿ ಅವರ ಮನೆ. ಈರುಳ್ಳಿ ವಾಸನೆ ಬಟ್ಟೆಗೆ ಹತ್ತಿದರೆ ಒಗೆದರೂ ಬಿಡದು. ಕೇರಳಕ್ಕೆ ಹೋಗುವ ಲಾರಿಗಳ ಸದ್ದಿಗೆ ಪಾತ್ರೆಗಳು ಗಿಲಗಿಲ ಎನ್ನುತ್ತಿದ್ದವು. ಹೋಗುವ ಮುಂಚೆ ಅವ್ವ ನನ್ನನ್ನು ಚಾಮರಾಜನಗರದ ಆ ಫ್ಯಾನ್ಸಿ ಸ್ಟೋರಿಗೆ ಕಳಿಸಿ ಅಕ್ಕನಿಗೆ ಸ್ಟಿಕ್ಕರ್ ತರಿಸುತ್ತಿದ್ದಳು. ಪ್ರತಿಸಲವೂ ಹೋದ ಸಲಕ್ಕಿಂತ ದೊಡ್ಡದು ಬೇಕಾಗುತ್ತಿತ್ತು. ಅಂಗಡಿಯ ಅಮ್ಮ ಹಾಳೆ ಹುಡುಕುತ್ತಾ ನನ್ನನ್ನು ಕೀಟಲೆ ಮಾಡುತ್ತಿದ್ದರು.

"ನಿಮ್ಮಕ್ಕನ ಹಣೆ ಮೇಲೆ ಚಾಂದ್ ದಿನಾ ದಿನಾ ದೊಡ್ಡದಾಗ್ತಾ ಐತಲ್ಲಮ್ಮಾ, ಗಂಡ ಅಂದ್ರೆ ಅಷ್ಟು ಪ್ರೀತಿನಾ?"

ನಾನು ಹೂಂ ಎಂದು ನಗುತ್ತಿದ್ದೆ. ಬಸ್ಸಿನಲ್ಲಿ ಆ ಪೊಟ್ಟಣವನ್ನು ಯಾರಿಗೂ ಕಾಣದಂತೆ ಬಟ್ಟೆ ಚೀಲದ ತಳಕ್ಕೆ ತುರುಕಿಕೊಂಡು ಕೂರುತ್ತಿದ್ದೆ.

ಅಕ್ಕ ಎಲ್ಲರಿಗಿಂತ ಮುಂಚೆ ಏಳುತ್ತಿದ್ದಳು, ಬಚ್ಚಲ ಬಾಗಿಲು ಹಾಕಿಕೊಂಡೇ ಬೊಟ್ಟು ಬದಲಿಸುತ್ತಿದ್ದಳು. ಜ್ವರ ಬಂದು ಮಲಗಿದಾಗಲೂ ಹಣೆಗೆ ಒದ್ದೆ ಬಟ್ಟೆ ಹಾಕಿಸಿಕೊಳ್ಳಲಿಲ್ಲವಂತೆ. ಒಮ್ಮೆ ನನ್ನನ್ನು ಬಚ್ಚಲಿಗೆ ಕರೆದು ತೋರಿಸಿದಳು. ಹೆಸರುಕಾಳು ಈಗ ಎಂಟಾಣೆಯಷ್ಟಾಗಿತ್ತು. ಅಂಚೆಲ್ಲ ಕೆರೆದು ಕೆಂಪಾಗಿತ್ತು. ಬೆಳ್ಳಗಾಗಲಿ ಎಂದು ಬೇಡಿಕೊಂಡಿದ್ದೆವಲ್ಲ, ಹಣೆ ಬೆಳ್ಳಗಾಗುತ್ತಿತ್ತು. ಅವಳು ಅಳಲಿಲ್ಲ. ಹೊಸ ಸ್ಟಿಕ್ಕರ್ ಎತ್ತಿ, ನವೆಯೆದ್ದ ಆ ಹಸಿ ಜಾಗದ ಮೇಲೆ ಹೆಬ್ಬೆರಳಿನಿಂದ ಒತ್ತಿ ಹಿಡಿದುಕೊಂಡು ನಿಂತಳು.

ಹೊರಗೆ ಮಾತ್ರ ಅವಳಿಗೆ ಒಳ್ಳೇ ಹೆಸರು. ಮಲಗುವಾಗಲೂ ಬೊಟ್ಟು ತೆಗೆಯದ ಸೊಸೆ, ಗಂಡನ ಆಯುಸ್ಸಿನ ಮೇಲೆ ಅಷ್ಟು ನಿಗಾ ಎಂದು ಅವಳ ಅತ್ತೆ ಬೀದಿಯವರಿಗೆಲ್ಲ ಹೇಳಿಕೊಂಡು ಬರುತ್ತಿದ್ದಳು. ನಮ್ಮ ಭಾವನಿಗೆ ಗೊತ್ತಿತ್ತೋ ಇಲ್ಲವೋ ನಾನು ಕೇಳಲಿಲ್ಲ. ಗೊತ್ತಿದ್ದೂ ಸುಮ್ಮನಿದ್ದ ಎಂದು ನಂಬುವುದು ನನಗೆ ಇಷ್ಟ.

ಮದುವೆಯಾಗಿ ಮೂರನೇ ವರ್ಷ, ಮಂಡಿಯಲ್ಲಿ ಹಿಂದಕ್ಕೆ ಬರುತ್ತಿದ್ದ ಲಾರಿಗೂ ಗೋಡೆಗೂ ನಡುವೆ ಭಾವ ಸಿಕ್ಕಿಕೊಂಡ. ಆಸ್ಪತ್ರೆಯ ತನಕವೂ ಹೋಗಲಿಲ್ಲ.

ತಿಥಿಯ ದಿನ ಅಕ್ಕನನ್ನು ನಡುಮನೆಯಲ್ಲಿ ಕೂರಿಸಿ ಕೊನೇ ಸಲದ ಅಲಂಕಾರ ಮಾಡಿದರು. ಆ ಪದ್ಧತಿಯನ್ನು ಯಾರು ಮಾಡಿದರೋ, ಅವರ ಮನೆ ಹಾಳಾಗ. ಹೊಸ ಸೀರೆ ಉಡಿಸಿದರು. ಎರಡು ಕೈಗೂ ಮೊಣಕೈವರೆಗೆ ಹಸಿರು ಬಳೆ ತುಂಬಿದರು. ಜಡೆ ಕಾಣದಷ್ಟು ಹೂ ಮುಡಿಸಿದರು. ಯಾರೋ ಕೆನ್ನೆಗೆ ಅರಿಶಿನ ತೀಡಿ, ಅದರ ಮೇಲೆ ಪೌಡರನ್ನೂ ಹಾಕಿದರು. ಅಕ್ಕನನ್ನು ಅವಳ ಮದುವೆಯಲ್ಲೂ ಯಾರೂ ಅಷ್ಟು ಚೆಂದ ಸಿಂಗರಿಸಿರಲಿಲ್ಲ. ಅವಳು ಗಂಡನನ್ನು ನೆನೆದು ಅಳಬೇಕಾದವಳು, ಎರಡು ಕೈಯಲ್ಲೂ ಹಣೆ ಮುಚ್ಚಿಕೊಂಡು, "ಬ್ಯಾಡಿ, ನಾನೇ ತೆಗಿತಿನಿ, ಒಳಕ್ಕೋಗಿ ತೆಗಿತಿನಿ" ಎಂದು ಬೇಡುತ್ತಿದ್ದಳು. ಪಾಪ, ಗಂಡನ ಮೇಲಿನ ಆಸೆಗೆ ಹಾಗನ್ನುತ್ತಾಳೆ ಎಂದುಕೊಂಡು ಇಬ್ಬರು ಮುದುಕಿಯರು ಅವಳ ಕೈ ಹಿಡಿದರು. ಮೂರನೆಯವಳು ಬೊಟ್ಟು ಕಿತ್ತಳು.

ಅಳುವೆಲ್ಲ ಒಟ್ಟಿಗೇ ನಿಂತಿತು. ಬೊಟ್ಟು ಕಿತ್ತವಳು ಕೈ ಹಿಂದಕ್ಕೆಳೆದುಕೊಂಡು ಸೀರೆಗೆ ಒರೆಸಿಕೊಂಡಳು. ಅದನ್ನು ನಾನು ನೋಡಿದೆ. ಅಕ್ಕನ ಅತ್ತೆ ಮಗ್ಗುಲಿಂದ ಎದ್ದು ನಿಂತಳು.

"ಇದ್ನಾ ಮುಚ್ಚಿ ನಮ್ ಮನಗ ತಳ್ಳುದ್ರಾ? ಇದೇ ಕಣ್ರವ್ವ ನನ್ ಮಗುನ್ನ ತಿಂದಿದ್ದು!"

ಅವ್ವ ಎದ್ದು ಅಕ್ಕನ ಬಟ್ಟೆಗಳನ್ನು ಗಂಟು ಕಟ್ಟಿದಳು. ಅದೇ ಸಂಜೆ ನಾವು ಅಕ್ಕನನ್ನು ಕರೆದುಕೊಂಡು ಉಡಿಗಾಲಕ್ಕೆ ಬಂದೆವು. ನಮಗಿಂತ ಮೊದಲೇ ಸುದ್ದಿ ಬಂದು ಕೂತಿತ್ತು.

ಆಮೇಲೆ ಅಕ್ಕ ಬರಿ ಹಣೆಯಲ್ಲಿ ಹಿತ್ತಿಲ ಕಡೆಯೇ ಇರುತ್ತಿದ್ದಳು. ಅವಳ ತಗಡಿನ ಡಬ್ಬಿ ಯಾರೂ ಹೇಳದೆಯೇ ನನ್ನದಾಯಿತು. ನಾನು ಹೈಸ್ಕೂಲು, ದಿನಾ ಸ್ಟಿಕ್ಕರ್ ಅಂಟಿಸಿಕೊಂಡೇ ಹೋಗುತ್ತಿದ್ದೆ. ಒಂದು ಬೆಳಿಗ್ಗೆ ತಲೆ ಬಾಚಿಸಿಕೊಳ್ಳುತ್ತಾ ಅವಳ ಮುಖ ನೋಡಿದೆ. ಆ ಬಿಳಿಯ ಅಂಚಿನಲ್ಲಿ ಸಾಸಿವೆ ಚೆಲ್ಲಿದ ಹಾಗೆ ಕಪ್ಪು ಚುಕ್ಕೆಗಳು ಎದ್ದಿದ್ದವು. ಓಡಿಹೋಗಿ ಕನ್ನಡಿ ತಂದು ಕೊಟ್ಟೆ. ಅವಳು ಬಹಳ ಹೊತ್ತು ನೋಡಿಕೊಂಡಳು. ರೋಗ ಹೋಗುತ್ತಿದೆ ಎಂದು ಯಾರಾದರೂ ದೊಡ್ಡವರು ಹೇಳಿದರೆ ನನ್ನ ಮದುವೆಗಾದರೂ ದಾರಿಯಾಗುತ್ತದೆ ಎಂದು ಅವ್ವ ನಮ್ಮಿಬ್ಬರನ್ನೂ ಚಾಮರಾಜನಗರಕ್ಕೆ, ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು.

ಡಾಕ್ಟರು ವಯಸ್ಸಾದವರು. ಅಕ್ಕನ ಮೈಕೈಯೆಲ್ಲ ನೋಡಿ, ಬೇರೆಲ್ಲೂ ಇಲ್ಲವಾ ಎಂದು ಕೇಳಿ, "ಇಲ್ಲಿ ಸ್ಟಿಕ್ಕರ್ ಅಂಟಿಸ್ತಿದ್ರಾ?" ಎಂದರು. ಅಕ್ಕ ತಲೆಯಾಡಿಸಿದಳು.

"ಇದು ತೊನ್ನಲ್ಲಮ್ಮ. ಕೆಲವರ ಮೈಗೆ ಆ ಗೋಂದು ಆಗೋದಿಲ್ಲ, ಚರ್ಮದ ಬಣ್ಣವನ್ನೇ ತಿಂದುಬಿಡುತ್ತೆ. ಬಿಟ್ಟರೆ ಎಷ್ಟೋ ಜನಕ್ಕೆ ತಾನಾಗೇ ಬಣ್ಣ ಬರುತ್ತೆ. ಬಿಟ್ಟಿದ್ದು ಒಳ್ಳೇದೇ ಆಯ್ತು. ಯಾವಾಗ ಬಿಟ್ರಿ?"

"ನಾನ್ ಬುಟ್ಟಿದ್ದಲ್ಲ ಸಾರ್," ಎಂದಳು ಅಕ್ಕ. "ಬುಡ್ಸುದ್ರು."

ಡಾಕ್ಟರು ಅವಳ ಬರಿ ಕೈಗಳನ್ನು ನೋಡಿದರು. ಕೈಯಲ್ಲಿದ್ದ ಪೆನ್ನಿನ ಕ್ಯಾಪು ಹಾಕಿಟ್ಟರು. ಔಷಧಿ ಏನೂ ಬೇಡ ಎಂದರು.

ಬಸ್ಸಿನಲ್ಲಿ ಅವ್ವ ನಡುವೆ, ನಾವು ಆಚೆ ಈಚೆ. ಅವ್ವ ಕಿಟಕಿಯಾಚೆ ನೋಡುತ್ತಾ, "ಬೊಟ್ಟಿನ್ ಜಾಗ್ದಲ್ಲೇ... ಬೊಟ್ಟಿನ್ ಜಾಗ್ದಲ್ಲೇ..." ಎಂದು ಅದನ್ನೇ ಹೇಳಿಕೊಳ್ಳುತ್ತಿದ್ದಳು. ಊರು ಹತ್ತಿರ ಬಂದಾಗ ಅಕ್ಕ ಇದ್ದಕ್ಕಿದ್ದಂತೆ ಅವ್ವನ ಮುಂದಿನಿಂದ ಕೈ ಚಾಚಿ, ನನ್ನ ಹಣೆಯ ಸ್ಟಿಕ್ಕರನ್ನು ಉಗುರಿನಿಂದ ಎಬ್ಬಿಸಿ ಕಿತ್ತಳು. ಅವ್ವ ಬೆಚ್ಚಿಬಿದ್ದು ಅವಳ ಕೈಮೇಲೆ ಹೊಡೆದಳು.

"ಅಯ್ಯೋ, ಏನ್ಮಾಡ್ಬುಟ್ಟಮ್ಮಿ! ಮದ್ವ ಆಗ್ಬೇಕಾದ ಎಣ್ಣು ಕಣ ಅದು. ನಿನ್ ಕೈಲಿ ಅದ್ರ ಬೊಟ್ಟ ಕೀಳದಾ?"

ಬಸ್ಸಿನಲ್ಲಿದ್ದವರು ತಿರುಗಿ ನೋಡಿದರು. ಅಕ್ಕ ಕೈ ಹಿಂದೆ ತೆಗೆಯಲಿಲ್ಲ. ಸೆರಗಿನ ತುದಿಯಿಂದ ನನ್ನ ಹಣೆ ಉಜ್ಜಿ, ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ, ಕಣ್ಣು ಕಿರಿದು ಮಾಡಿಕೊಂಡು ನೋಡಿದಳು.

"ಕಪ್ಪುಗೇ ಅದ ಕಣವ್ವ," ಎಂದಳು. "ಇವ್ಳುದು ಇನ್ನೂ ಕಪ್ಪುಗೇ ಅದ."