ಪಾಸುದಾರರು ಮತ್ತು ಮನೆಯವರು

ವರ್ಷದ ಪಾಸು ಕೊಳ್ಳುವುದು ಲಾಭವೋ ನಷ್ಟವೋ ಎಂದು ನಾನು ಮೂರು ದಿನ ತಲೆ ಕೆಡಿಸಿಕೊಂಡೆ. ನನ್ನ ಹೆಂಡತಿ ನಾಗಮಣಿ ಅದನ್ನು ಒಂದು ನಿಂಬೆಹಣ್ಣಿನಿಂದ ತೀರ್ಮಾನಿಸಿದಳು. ನಮ್ಮ ಸಂಸಾರ ಹದಿನೈದು ವರ್ಷ ಹೇಗೆ ನಡೆದಿದೆ ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಿಲ್ಲ. ಆದರೂ ಹೇಳುತ್ತೇನೆ, ಯಾಕೆಂದರೆ ನಡುವೆ ನಾನೂ ಒಂದು ಕುರ್ಚಿ ಹೊತ್ತಿದ್ದೇನೆ.

ಇದು ಎಂಬತ್ತನಾಲ್ಕನೇ ಇಸವಿಯ ಮಾತು. ಯಲಹಂಕ ಮುಗಿದು ದೊಡ್ಡಬಳ್ಳಾಪುರದ ರಸ್ತೆ ಶುರುವಾಗುವ ಕಡೆ, ಹೊಸ ಬಡಾವಣೆಯಲ್ಲಿ ನಮ್ಮ ಮನೆ. ಮನೆಯಲ್ಲಿ ನಾವು ಮೂವರು: ನಾನು, ನಾಗಮಣಿ, ನನ್ನ ತಾಯಿ ಪುಟ್ಟಲಕ್ಷ್ಮಮ್ಮ. ನಮಗೆ ಮಕ್ಕಳಿಲ್ಲ. ಬಡಾವಣೆಯ ರಸ್ತೆಗೆ ಜಲ್ಲಿ ಸುರಿದು ಮೂರು ವರ್ಷವಾಗಿತ್ತು. ಟಾರು ಬರುತ್ತದೆಂದು ಹೇಳುವವರು ಆಗಾಗ ಬಂದು ಹೋಗುತ್ತಿದ್ದರು, ಟಾರು ಮಾತ್ರ ಬಂದಿರಲಿಲ್ಲ.

ಆ ಜಲ್ಲಿಯ ಮೇಲೆಯೇ ನಾಗಮಣಿ ಮೂವತ್ತೆರಡನೇ ವಯಸ್ಸಿನಲ್ಲಿ ಸೈಕಲ್ ಕಲಿತಿದ್ದಳು. ಸೀಮೆಎಣ್ಣೆ ಕೊಡುವ ಅಂಗಡಿ ದೂರ, ನಾನು ಯಶವಂತಪುರದ ಕಾರ್ಖಾನೆಯಿಂದ ಬರುವ ಹೊತ್ತಿಗೆ ಅದು ಮುಚ್ಚಿರುತ್ತಿತ್ತು. ಹನ್ನೊಂದು ಸಲ ಬಿದ್ದಳು. ಎಣಿಸಿದವನು ನಾನು, ಕಿಟಕಿಯ ಒಳಗಿನಿಂದ. ಹನ್ನೆರಡನೇ ಸಲ ಸೀಮೆಎಣ್ಣೆ ಡಬ್ಬ ಹ್ಯಾಂಡಲಿಗೆ ತಗುಲಿಸಿಕೊಂಡು ಬಂದಳು. "ಪೆಟ್ಟಾಯ್ತಾ?" ಎಂದೆ. "ಡಬ್ಬಕ್ಕೆ ಸ್ವಲ್ಪ," ಎಂದಳು.

ಅತ್ತೆಗೂ ಸೊಸೆಗೂ ಜಗಳವಿತ್ತು ಎಂದರೆ ಸುಳ್ಳಾಗುತ್ತದೆ. ಅಮ್ಮನಿಗೆ ಒಂದೇ ಒಂದು ಮಾತು ಅಭ್ಯಾಸವಾಗಿತ್ತು. ಹುಳಿಗೆ ಉಪ್ಪು ಮುಂದಾದರೆ, "ನಿಮ್ಮನೇಲಿ ಹೀಗೇ ಹಾಕ್ತಾರೇನೇ?" ಬಟ್ಟೆ ಒಣಗಿಸಿದ್ದು ಸೊಟ್ಟಗಿದ್ದರೆ, "ನಿಮ್ಮನೇಲಿ ಹೀಗೇ ಹರವ್ತಾರೇನೇ?" ದೊಡ್ಡಬಳ್ಳಾಪುರದ ಆ ಮನೆಯನ್ನು ಬಿಟ್ಟು ಬಂದು ನಾಗಮಣಿಗೆ ಹದಿನೈದು ವರ್ಷವಾಗಿದ್ದರೂ ಅಮ್ಮನ ಬಾಯಲ್ಲಿ ಅವಳ ವಿಳಾಸ ಬದಲಾಗಿರಲಿಲ್ಲ.

ಆ ಶ್ರಾವಣದಲ್ಲಿ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡರು. ಮೂರು ತಿಂಗಳು ಮಲಗಿದ ಮೇಲೆ ಡಾಕ್ಟರು ನೋಡಿ, "ಮೂಳೆ ಕೂಡಿದೆ. ಇನ್ನು ನಡೆಸಬೇಕು. ಸಮನಾದ ನೆಲ, ದಿನಾ ಅರ್ಧ ಗಂಟೆ. ಈಗ ನಡೆಸದಿದ್ರೆ ಆಮೇಲೆ ಹಾಸಿಗೇನೇ ಗತಿ," ಎಂದರು.

ಹೇಳಿದ್ದು ಸುಲಭ. ಮನೆಯೊಳಗೆ ಎಂಟು ಹೆಜ್ಜೆಗೊಂದು ಹೊಸ್ತಿಲು, ಹೊರಗೆ ಜಲ್ಲಿ. ಅಮ್ಮ ಒಂದು ದಿನ ಬಾಗಿಲ ತನಕ ಬಂದು, ಜಲ್ಲಿಯನ್ನು ನೋಡಿ, "ಇನ್ನು ನಾನು ಇಲ್ಲೇ," ಎಂದು ಮಂಚಕ್ಕೆ ವಾಪಸಾದರು. ಆಮೇಲೆ ಏಳಲಿಲ್ಲ. ಅಮ್ಮ ಮತ್ತೆ ನಡೆಯುತ್ತಾರೋ ಇಲ್ಲವೋ ಎಂಬುದೊಂದೇ ಆಗ ನಮ್ಮ ಮನೆಯ ಪ್ರಶ್ನೆ. ನಾನು ನಿಟ್ಟುಸಿರು ಬಿಟ್ಟೆ. ಅದರಲ್ಲಿ ನನಗೆ ಒಳ್ಳೆಯ ಅನುಭವವಿದೆ. ನಾಗಮಣಿ ಕಿಟಕಿಯಿಂದ ಎದುರುಗಡೆ ನೋಡುತ್ತ ನಿಂತಳು.

ಎದುರುಗಡೆ ಮುನಿಶಾಮಪ್ಪನ ದ್ರಾಕ್ಷಿ ತೋಟವಿತ್ತು. ಆತ ಊರಿನ ಹಳೆಯ ಕುಳ. ಯಾವುದೋ ಎಕ್ಸಿಬಿಷನ್ ನೋಡಿ ಬಂದವನು ಅರ್ಧ ತೋಟದ ಬಳ್ಳಿ ಕೀಳಿಸಿ 'ವಿನೋದವನ' ಮಾಡಿದ್ದ. ಅದರಲ್ಲಿ ಒಂದು ಜಯಂಟ್ ವೀಲು, ತಿರುಗುವ ಮರದ ಕುದುರೆಗಳು, ಸೊಂಡಿಲ ಮೇಲೆ ಜಾರುವ ಸಿಮೆಂಟಿನ ಆನೆ, ಒಂದು ಕೊಳ, ಒಂದು ದೋಣಿ. ಜೊತೆಗೆ ಒಂದು ರೈಲು. ರೈಲೆಂದರೆ ಮೂತಿಗೆ ತಗಡಿನ ಇಂಜಿನ್ ಕಟ್ಟಿದ ಟ್ರ್ಯಾಕ್ಟರು. ಅದು ಓಡಾಡಲೆಂದು ಕೊಳದ ಸುತ್ತ ಸಿಮೆಂಟಿನ ದಾರಿ ಹಾಕಿಸಿದ್ದ. ಆದರೆ ಟ್ರ್ಯಾಕ್ಟರಿಗೆ ಹೊಲದಲ್ಲಿ ಕೆಲಸವಿರುತ್ತಿದ್ದ ಕಾರಣ ರೈಲು ಭಾನುವಾರ ಮಾತ್ರ ಓಡುತ್ತಿತ್ತು. ಉಳಿದ ಆರು ದಿನ ಆ ದಾರಿಯಲ್ಲಿ ಯಾರೂ ಇರುತ್ತಿರಲಿಲ್ಲ.

ಗೇಟಿನ ಮೇಲೆ ಬೋರ್ಡು: 'ವರ್ಷದ ಪಾಸು ನೂರಿಪ್ಪತ್ತೈದು ರೂಪಾಯಿ. ಪಾಸುದಾರರು ಮತ್ತು ಮನೆಯವರು ಎಷ್ಟು ಸಲ ಬೇಕಾದರೂ ಬರಬಹುದು.'

"ರೀ, ಆ ಪಾಸ್ ತಗೊಳ್ಳೋಣ," ಎಂದಳು ನಾಗಮಣಿ.

ನಾನು ಪೆನ್ಸಿಲ್ ತೆಗೆದುಕೊಂಡೆ. ಜಯಂಟ್ ವೀಲಿನಲ್ಲಿ ಎಷ್ಟು ಸುತ್ತು ಸುತ್ತಿದರೆ ದುಡ್ಡು ಹುಟ್ಟುತ್ತದೆ, ಕುದುರೆಯಲ್ಲಿ ಎಷ್ಟು, ದೋಣಿಯಲ್ಲಿ ಎಷ್ಟು ಎಂದು ಕ್ಯಾಲೆಂಡರಿನ ಹಿಂದೆ ಬರೆದೆ. ನನ್ನ ಹೊಟ್ಟೆಯ ಸ್ವಭಾವ ಗೊತ್ತಿದ್ದ ನಾನು ಜಯಂಟ್ ವೀಲನ್ನು ಹೊಡೆದು ಹಾಕಿದೆ. ನನ್ನ ವಯಸ್ಸು ನೋಡಿ ಕುದುರೆಯನ್ನು ಹೊಡೆದು ಹಾಕಿದೆ. ದೋಣಿ ತೂತಾಗಿತ್ತು. ಮೂರನೇ ದಿನ ಉತ್ತರ ಸೊನ್ನೆ ಬಂತು.

ಪಕ್ಕದ ಮನೆಯ ಸೇತುರಾಮಯ್ಯನವರು ಕಾಂಪೌಂಡಿನ ಮೇಲಿಂದ ಇಣುಕಿ, "ಏನ್ರೀ ಬದರೀನಾಥ್, ಮಕ್ಕಳಿಲ್ಲದ ಮನೇಗೆ ಆಟದ ಪಾಸಂತೆ? ನೀವೇ ಜಾರುಬಂಡೆ ಆಡ್ತೀರೋ?" ಎಂದು ನಕ್ಕರು. ನಾನೂ ನಕ್ಕೆ. ನಗಬಾರದಿತ್ತು, ನಾಗಮಣಿ ನೀರು ಸೇದುತ್ತ ಅಲ್ಲೇ ಇದ್ದಳು.

ಒಳಗೆ ಬಂದು ನನ್ನ ಕ್ಯಾಲೆಂಡರ್ ನೋಡಿದಳು. "ಇದರಲ್ಲಿ ಅತ್ತೆ ಎಲ್ಲಿದ್ದಾರೆ?" ಎಂದಳು. ನಿಜವೇ. ನನ್ನ ಲೆಕ್ಕದಲ್ಲಿ ಕುದುರೆ, ದೋಣಿ ಎಲ್ಲ ಇದ್ದವು, ಅಮ್ಮ ಇರಲಿಲ್ಲ.

"ಬೇಕಾದ ದಿನ ಎರಡೆರಡು ರೂಪಾಯಿ ಟಿಕೆಟ್ ತಗೊಂಡು ಹೋದ್ರಾಯ್ತಲ್ಲ, ನಾಗೂ?"

"ದಿನಾ ಟಿಕೆಟ್ ಅಂದ್ರೆ ದಿನಾ ಮಾತು. ಇವತ್ತು ಹೋಗೋಣವೋ ಬೇಡವೋ, ಚಳಿ ಇದೆಯೋ ಮೋಡ ಇದೆಯೋ. ಅತ್ತೆ ಬೇಡ ಅಂತಾರೆ, ನೀವು ಹೂಂ ಅಂತೀರಿ. ಪಾಸ್ ತಗೊಂಡ್ರೆ ಮಾತೇ ಇಲ್ಲ, ಹೋಗೋದೇ." ಮತ್ತೆ ಸೇರಿಸಿದಳು: "ಆದ್ರೆ ಆ ದಾರಿ ಸಮ ಇದೆಯೋ ಇಲ್ವೋ ನೋಡ್ಬೇಕು. ಇಲ್ಲದಿದ್ರೆ ನೂರಿಪ್ಪತ್ತೈದು ದಂಡ."

ಮಾರನೆಯ ದಿನ ಒಂದು ಟಿಕೆಟ್ ಕೊಂಡು ಒಳಗೆ ಹೋದಳು. ಆ ಕಥೆಯನ್ನು ನನಗೆ ಹೇಳಿದವನು ಮುನಿಶಾಮಪ್ಪ, ಎದೆಯ ಮೇಲೆ ಕೈ ಇಟ್ಟುಕೊಂಡು. ಈಕೆ ಸೆರಗಿನ ಗಂಟಿನಿಂದ ಒಂದು ನಿಂಬೆಹಣ್ಣು ತೆಗೆದು ರೈಲಿನ ದಾರಿಯ ಮೇಲೆ ಇಟ್ಟಳಂತೆ. ಬಗ್ಗಿ ನೋಡಿದಳಂತೆ. ಹತ್ತು ಹೆಜ್ಜೆ ಮುಂದೆ ಹೋಗಿ ಮತ್ತೆ ಇಟ್ಟಳಂತೆ. ಮುನಿಶಾಮಪ್ಪ ಕೌಂಟರ್ ಬಿಟ್ಟು ಓಡಿ ಬಂದ.

"ಏನವ್ವಾ ಇದು! ನನ್ ತ್ವಾಟದಾಗೆ ನಿಂಬೆಅಣ್ಣು ಮಡಗಕ್ಕೆ ನಾನೇನ್ ಅನ್ಯಾಯ ಮಾಡಿವ್ನಿ ನಿಂಗೆ?"

"ಮಾಟ ಅಲ್ಲಪ್ಪ, ಉರುಳುತ್ತಾ ಅಂತ ನೋಡ್ತಿದ್ದೀನಿ."

"ಉರುಳುದ್ರೆ ಏನಾಯ್ತದೆ?"

"ಉರುಳಿದ್ರೆ ನಮ್ಮತ್ತೆ ಬೀಳ್ತಾರೆ."

ಮುನಿಶಾಮಪ್ಪನಿಗೆ ಭಯ ಇನ್ನಷ್ಟು ಹೆಚ್ಚಾಯಿತಂತೆ. ಆದರೂ ಹಿಂದೆ ಹಿಂದೆಯೇ ನಡೆದ. ನಿಂಬೆಹಣ್ಣು ಇಡೀ ಕೊಳ ಸುತ್ತಿತು. ಆನೆಯ ಹತ್ತಿರ ಒಂದೇ ಒಂದು ಕಡೆ ಅರ್ಧ ಸುತ್ತು ಉರುಳಿ ನಿಂತಿತು. ನಾಗಮಣಿ ಆ ಜಾಗಕ್ಕೆ ಇಟ್ಟಿಗೆ ಚೂರಿನಿಂದ ಗೀಟು ಎಳೆದು, "ಇಲ್ಲಿ ನಾನು ಎಡಗಡೆ ಇರ್ಬೇಕು," ಎಂದು ತನಗೆ ತಾನೇ ಹೇಳಿಕೊಂಡು, ಹಣ್ಣನ್ನು ಸೆರಗಿಗೆ ಕಟ್ಟಿ ಮನೆಗೆ ಬಂದಳು. ರಾತ್ರಿ ಅದರಲ್ಲೇ ಚಿತ್ರಾನ್ನ.

ಅಮ್ಮನಿಗೆ ವಿಷಯ ತಿಳಿದಾಗ ಮಂಚದ ಮೇಲೆಯೇ ನೆಟ್ಟಗಾದರು. "ಈ ವಯಸ್ಸಲ್ಲಿ ಮರದ ಕುದುರೆ ಮೇಲೆ ಕೂರ್ಲೇನೇ? ನಿಮ್ಮನೇಲಿ ಮುದುಕೀರನ್ನ ಹೀಗೇ ಕೂರಿಸ್ತಾರೇನೇ?"

"ಕೂರ್ಬೇಡಿ ಅತ್ತೆ. ನಡೀರಿ. ನಾಳೆ ಸಂಜೆ ಐದೂವರೆಗೆ ಸೀರೆ ಬದಲಾಯಿಸ್ಕೊಂಡಿರಿ."

"ನಾನು ಬರಲ್ಲ."

"ನೀಲಿ ಸೀರೆ ತೆಗೆದಿಟ್ಟಿದ್ದೀನಿ."

ಐದೂವರೆಗೆ ಅಮ್ಮ ನೀಲಿ ಸೀರೆ ಉಟ್ಟು, ಬರುವುದಿಲ್ಲ ಎಂದು ಹೇಳುತ್ತಲೇ ಅಪ್ಪನ ಕಾಲದ ತೇಗದ ಕುರ್ಚಿಯಲ್ಲಿ ಕುಳಿತರು. ಒಂದು ಕಡೆ ನಾಗಮಣಿ, ಇನ್ನೊಂದು ಕಡೆ ನಾನು. ಜಲ್ಲಿಯ ಮೇಲೆ ನೂರು ಗಜ. ಆ ಕುರ್ಚಿಯನ್ನು ಮಾಡಿದವನಿಗೆ ಯಾರೋ ತೂಕದ ಮೇಲೆ ಕೂಲಿ ಕೊಟ್ಟಿರಬೇಕು. ಅರ್ಧ ದಾರಿಯಲ್ಲಿ ನಾನು ಕುರ್ಚಿಯನ್ನು ಕೆಳಗಿಟ್ಟು ಉಸಿರು ತೆಗೆದುಕೊಂಡೆ. ನಾಗಮಣಿ ನಿಂತೇ ಕಾದಳು. ಅಮ್ಮ, "ಅವಳಿಗೆ ಸುಸ್ತಾಗಿಲ್ಲ, ನಿನಗೇನೋ?" ಎಂದರು.

ಕೌಂಟರಿನಲ್ಲಿ ಮುನಿಶಾಮಪ್ಪ ಅಚ್ಚು ಹಾಕಿಸಿದ ಫಾರಂ ಕೊಟ್ಟ. ಪಾಸುದಾರರ ಹೆಸರು, ಪುಟ್ಟಲಕ್ಷ್ಮಮ್ಮ. ಅದರ ಕೆಳಗೆ, ಮನೆಯವರ ಹೆಸರು. ನಾಗಮಣಿ ತನ್ನ ಹೆಸರು ಬರೆದಳು. ಮುನಿಶಾಮಪ್ಪ ಓದಿ ತಲೆ ಅಲ್ಲಾಡಿಸಿದ.

"ಇಂಗೆ ಬರಿಯಂಗಿಲ್ಲ ತಾಯಿ. ಮನೆಯವರು ಅಂದ್ರೆ ಗಂಡ-ಎಂಡ್ತಿ. ನೀವು 'ನಮ್ ಮನೆಯವರು' ಅಂತ ಯಾರ್ನ ಅಂತೀರಾ? ನಿಮ್ ಯಜಮಾನ್ರನ್ನೇ ತಾನೇ?"

"ಮನೇಲಿರೋರೆಲ್ಲಾ ಮನೆಯವರೇ ಅಲ್ವೇನಪ್ಪ?" ಎಂದಳು ನಾಗಮಣಿ.

"ಅಯ್ಯೋ, ಓದ್ವಾರ ಅಂಗಂದ್ಕೊಂಡೇ ಮುನಿಗಂಗಮ್ಮ ಇಪ್ಪತ್ಮೂರು ಜನ ಕರ್ಕಂಡ್ ಬಂದವ್ಳೆ, ಒಂದೇ ಪಾಸ್ನಾಗೆ! ಕುದ್ರೆ ಕಾಲು ಮುರ್ದೋಯ್ತು. ಈಗ ರೂಲು ಅಂದ್ರೆ ರೂಲು. ಗಂಡ-ಎಂಡ್ತಿ. ಇಲ್ಲಾಂದ್ರೆ ಎರಡು ಪಾಸ್ ತಗಳಿ."

ಎರಡು ಪಾಸಿಗೆ ನಮ್ಮಲ್ಲಿ ದುಡ್ಡಿರಲಿಲ್ಲ. ನಾಗಮಣಿಯ ಹೆಸರಿನಲ್ಲಿ ತೆಗೆದುಕೊಂಡರೆ ಮನೆಯವರು ನಾನಾಗುತ್ತೇನೆ, ಅಮ್ಮ ಹೊರಗೆ. ಅಮ್ಮನ ಹೆಸರಿನಲ್ಲಿ ತೆಗೆದುಕೊಂಡರೆ ಅಪ್ಪ ಬರಬೇಕು. ಅಪ್ಪ ತೀರಿಕೊಂಡು ಹನ್ನೊಂದು ವರ್ಷ. ನಾನು, "ಹೋಗಲಿ ಬಿಡು ನಾಗೂ, ಮನೇಲೇ ಹೊಸ್ತಿಲು ಕೀಳ್ಸೋಣ," ಎಂದು ಕುರ್ಚಿಯ ಕೈಗೆ ಕೈ ಹಾಕಿದೆ. ನಾಗಮಣಿ ಫಾರಂ ಬಿಡಲಿಲ್ಲ. ಆದರೆ ಅವಳ ಮುಖ ಹಾಗೆ ಇಳಿದದ್ದನ್ನು ನಾನು ಸೈಕಲ್ಲಿನ ಹನ್ನೊಂದು ಸಲದಲ್ಲೂ ನೋಡಿರಲಿಲ್ಲ.

ಆಗ ಕುರ್ಚಿಯಿಂದ ಧ್ವನಿ ಬಂತು.

"ಏನಪ್ಪಾ ಮುನಿಶಾಮಪ್ಪ, ಇಲ್ಲಿ ನೋಡು. ನಮ್ಮ ಯಜಮಾನ್ರ ಹೆಸ್ರೇ ಬರೀತೀನಿ. ನೀನು ಹೋಗಿ ಕರ್ಕೊಂಡು ಬಾ. ಜಯಂಟ್ ವೀಲಲ್ಲಿ ಜೊತೇಲಿ ಕೂತ್ಕೋತೀವಿ."

ಮುನಿಶಾಮಪ್ಪ ನಾಲಿಗೆ ಕಚ್ಚಿಕೊಂಡ. "ಬುಡ್ತು ಅನ್ನಿ ತಾಯಿ, ನಾನು ಅಂಗಂದಿದ್ದಲ್ಲ..."

"ಮತ್ತೆ ಹೆಂಗಂದಿದ್ದು? ಹದಿನೈದು ವರ್ಷದಿಂದ ನಮ್ಮನೆ ಹುಳೀಗೆ ಉಪ್ಪು ಹಾಕ್ತಿರೋಳು ಇವಳು. ಮುಂದಾಗೇ ಹಾಕ್ತಾಳೆ, ಆ ಮಾತು ಬೇರೆ. ಮೂರು ತಿಂಗಳು ನನ್ನ ಎತ್ತಿ ಇಳಿಸಿದೋಳು ಇವಳು. ಇವಳು ನಮ್ಮನೆಯವಳಲ್ದೆ ಇನ್ಯಾರ ಮನೆಯವಳಯ್ಯಾ? ಬರ್ಕೋ. ಮನೆಯವರು, ನಾಗಮಣಿ."

ನಾಗಮಣಿ ಬೋರ್ಡಿನ ಕಡೆ ತಿರುಗಿ ಅದನ್ನು ಬಹಳ ಆಸಕ್ತಿಯಿಂದ ಓದತೊಡಗಿದಳು. ಅದರಲ್ಲಿದ್ದದ್ದು ಮೂರು ಸಾಲು. ಓದಿ ಮುಗಿಸಲು ಬಹಳ ಹೊತ್ತು ಬೇಕಾಯಿತು.

ಮುನಿಶಾಮಪ್ಪ ಠಸ್ಸೆ ಒತ್ತಿದ. ಆಮೇಲೆ ನನ್ನ ಕಡೆ ಬೆರಳು ತೋರಿಸಿ, "ಇವ್ರು?" ಎಂದ.

"ಇವನು ಕುರ್ಚಿ ಹೊರೋಕೆ ಬಂದಿದ್ದಾನೆ," ಎಂದರು ಅಮ್ಮ.

ಹೀಗಾಗಿ ನಾನು ಮನೆಯವರ ಪಟ್ಟಿಯಿಂದ ಹೊರಗುಳಿದೆ. ರೈಲು ಓಡುವ ಭಾನುವಾರ ಬಿಟ್ಟು ದಿನಾ ಐದೂವರೆಗೆ ಗೇಟಿನ ತನಕ ಕುರ್ಚಿ ಹೊರುವುದು, ಅವರಿಬ್ಬರೂ ಒಳಗೆ ಹೋದ ಮೇಲೆ ಖಾಲಿ ಕುರ್ಚಿಯಲ್ಲಿ ಕುಳಿತು ಕಡಲೆಕಾಯಿ ತಿನ್ನುವುದು. ಬೇಲಿಯ ಸಂದಿಯಿಂದ ಎಲ್ಲ ಕಾಣುತ್ತಿತ್ತು. ಮೊದಲ ದಿನ ಅಮ್ಮ ಎಂಟು ಹೆಜ್ಜೆ ಇಟ್ಟು ಅತ್ತರು. ನಾಗಮಣಿ ಅಳು ಮುಗಿಯುವ ತನಕ ನಿಂತಿದ್ದು, "ಇನ್ನೆರಡು," ಎಂದಳು. ಸಂಕ್ರಾಂತಿಯ ಹೊತ್ತಿಗೆ ಆನೆಯ ತನಕ. ಶಿವರಾತ್ರಿಗೆ ದೋಣಿಯ ತನಕ. ಮಳೆ ಹನಿಸಿದ ದಿನ ನಾನು, "ಇವತ್ತು ಬೇಡವೇನೋ," ಎಂದರೆ ಅಮ್ಮನೇ, "ಪಾಸಿದೆಯಲ್ಲೋ!" ಎನ್ನುತ್ತಿದ್ದರು. ಇಟ್ಟಿಗೆ ಗೀಟಿನ ಹತ್ತಿರ ಬಂದಾಗ ನಾಗಮಣಿ ಎಡಗಡೆಗೆ ದಾಟುತ್ತಿದ್ದಳು, ಒಂದು ದಿನವೂ ತಪ್ಪಲಿಲ್ಲ.

"ನಿಮ್ಮನೇಲಿ" ಮಾತ್ರ ನಿಲ್ಲಲಿಲ್ಲ. ಹುಳಿಗೆ ಉಪ್ಪು ಮುಂದಾದಾಗ ಅಮ್ಮ ಈಗಲೂ ದೊಡ್ಡಬಳ್ಳಾಪುರಕ್ಕೆ ಹೋಗಿ ಬರುತ್ತಿದ್ದರು. ನಾಗಮಣಿ ಒಂದು ಸಲ ಪಾಸು ತಂದು ತಟ್ಟೆಯ ಪಕ್ಕ ಇಟ್ಟಳು. ಅಮ್ಮ ಅದನ್ನು ನೋಡಿ, ಇನ್ನೊಂದು ಸೌಟು ಹುಳಿ ಹಾಕಿಸಿಕೊಂಡರು.

ಯುಗಾದಿಗೆ ನಾಲ್ಕು ದಿನವಿತ್ತು. ಎಂದಿನಂತೆ ಗೇಟಿನ ಬಳಿ ಕಡಲೆಕಾಯಿ ಮುಗಿಸಿ, ಅವರು ಬರುವುದನ್ನು ನೋಡಿ ಎದ್ದು ಕುರ್ಚಿಯ ಧೂಳು ಒರೆಸಿದೆ. ಅಮ್ಮ ಬಂದರು, ಕುರ್ಚಿಯನ್ನು ನೋಡಿದರು, ದಾಟಿ ಹೋದರು. ಜಲ್ಲಿಯ ಮೇಲೆ, ನಾಗಮಣಿಯ ತೋಳು ಹಿಡಿದು, ಒಂದೊಂದೇ ಹೆಜ್ಜೆ. ನಾನು ಹಿಂದಿನಿಂದ, "ಅಮ್ಮಾ, ಜಲ್ಲಿ! ಜೋಪಾನ!" ಎಂದು ಕೂಗಿದೆ. ಇಬ್ಬರೂ ತಿರುಗಿ ನೋಡಲಿಲ್ಲ.

ಕುರ್ಚಿಯನ್ನು ತಲೆಯ ಮೇಲೆ ಹೊತ್ತುಕೊಂಡು ನಾನು ಹಿಂಬಾಲಿಸಿದೆ. ಸೇತುರಾಮಯ್ಯನವರು ಕಾಂಪೌಂಡಿನ ಮೇಲಿಂದ ಇಣುಕಿದರು. ಕುರ್ಚಿಯ ಕಾಲುಗಳ ನಡುವೆ ಅವರ ಮುಖ ಕಾಣುತ್ತಿತ್ತು.

"ಏನ್ರೀ ಬದರೀನಾಥ್, ಕುರ್ಚಿ ಖಾಲಿ! ನಿಮ್ಮ ತಾಯಿ ಎಲ್ರೀ?" ಎಂದರು ಗಾಬರಿಯಿಂದ.

"ಅಗೋ, ಮುಂದೆ ಹೋಗ್ತಿದ್ದಾರೆ," ಎಂದೆ. "ಮನೆಯವರ ಜೊತೆ."