ಮುಖಪ್ಪ ಆಡದ ಮಾತು

ಚಿತ್ರಮಂದಿರದ ಹಿಂದಿನ ಶೆಡ್ಡಿನಲ್ಲಿ ಸಿನಿಮಾ ಬ್ಯಾನರು ಬರೆಯುತ್ತಿದ್ದವರು ಮೂವರು. ನಟನಟಿಯರ ಮುಖ ಬರೆಯುವವನನ್ನು ಎಲ್ಲರೂ ಮುಖಪ್ಪ ಎನ್ನುತ್ತಿದ್ದರು. ಹಿನ್ನೆಲೆಯ ಬೆಟ್ಟ, ಬೆಂಕಿ, ಮೋಡಗಳೆಲ್ಲ ಅವನ ಜೀವದ ಗೆಳೆಯ ಮೋಡಪ್ಪನ ಪಾಲು. ಹೆಸರು ಬರೆಯುವವಳು ಅಕ್ಷರಮ್ಮ. ಆಳೆತ್ತರದ ಅಕ್ಷರವನ್ನೂ ಅಳತೆಯ ಗೆರೆ ಹಾಕಿಕೊಳ್ಳದೆ ಬರೆದುಬಿಡುವ ಗಟ್ಟಿಗಿತ್ತಿ.

ಒಮ್ಮೆ ಹಳೆಯ ನಗೆಚಿತ್ರವೊಂದು ಮತ್ತೆ ತೆರೆಗೆ ಬಂತು. ಒಬ್ಬ ಚಿತ್ರಕಾರ, ಒಬ್ಬ ನಾಟಕಕಾರ, ಇಬ್ಬರಿಗೂ ಮನಸೋತ ಒಬ್ಬಳು ಕಲಾವಿದೆ. ಬ್ಯಾನರಿಗೆಂದು ಮೂವರೂ ಬಾಲ್ಕನಿಯಲ್ಲಿ ಕೂತು ನೋಡಿದರು. ಗೆಳೆಯರಿಬ್ಬರೂ "ನೀನೇ ಮದುವೆ ಆಗು", "ಇಲ್ಲ, ನೀನೇ" ಎಂದು ಅವಳನ್ನು ಬಿಟ್ಟುಕೊಡುವಾಗ ಜನ ಬಿದ್ದು ಬಿದ್ದು ನಕ್ಕರು. ಅಕ್ಷರಮ್ಮ ನಗಲಿಲ್ಲ.

ಮುಖಪ್ಪನಿಗೆ ಅವಳೆಂದರೆ ಪ್ರಾಣ. ಆದರೆ ಮೋಡಪ್ಪ ಮೊದಲೇ ಹೇಳಿಕೊಂಡಿದ್ದ: "ಅವಳಿಲ್ದೆ ನನ್ ಕೈಲಿ ಆಗಲ್ಲ ಕಣೋ. ನೀನೇ ಒಂದ್ಮಾತು ಹೇಳೋ."

ಮುಖಪ್ಪ ನಾಯಕಿಯ ಮುಖ ಬರೆಯಲು ಹೊರಟರೆ ಕಣ್ಣು ಮಾತ್ರ ಅಕ್ಷರಮ್ಮನದೇ ಆಗಿ ಬಂತು. ಅವಳು ಏಣಿಯ ಬುಡದಲ್ಲಿ ನಿಂತು ದಿಟ್ಟಿಸಿದಳು.

"ಯಾರ ಕಣ್ಣು ಇದು?"

ಅವನು ಬ್ರಶ್ಶನ್ನು ಸೀಮೆಎಣ್ಣೆಯಲ್ಲಿ ಅದ್ದಿ ಅದ್ದಿ ತೊಳೆದ. "ಮೋಡಪ್ಪಂಗೆ ನಿನ್ನ ಮದುವೆ ಆಗೋ ಆಸೆ. ಚಿನ್ನದಂಥ ಮನುಷ್ಯ, ಒಪ್ಕೊ."

"ನಾನು ಕೇಳಿದ್ದು ಅದಲ್ಲ."

"ನಾನು ಅಡ್ಡ ಬರಲ್ಲ."

"ಬಿಟ್ಕೊಡೋಕೆ ನಾನೇನು ನಿನ್ನ ಕೈಲಿರೋ ಬ್ರಶ್ಶಾ? ನನ್ನ ಕೇಳ್ಬೇಕು ಅಂತ ಅನ್ನಿಸ್ಲೇ ಇಲ್ವಾ ನಿಂಗೆ?"

ಅವನು ತೊಳೆದ ಬ್ರಶ್ಶನ್ನೇ ಮತ್ತೆ ಅದ್ದಿದ. ಅವಳು ಚಿತ್ರದ ಹೆಸರನ್ನು ಬರೆದು ಮುಗಿಸಿ, ಕೈ ತೊಳೆದು ಹೊರಟಳು. ಮೋಡಪ್ಪನಿಗೂ ಒಲ್ಲೆ ಎಂದಳು. ತಿಂಗಳೊಳಗೆ ಬೇರೆ ಊರಿನ ಅಚ್ಚುಕೂಟದಲ್ಲಿ ಕೆಲಸ ಹಿಡಿದಳು.

ಮೋಡಪ್ಪನಿಗೆ ಆಮೇಲೆ ಮದುವೆಯಾಯಿತು, ಮಕ್ಕಳು, ಮೊಮ್ಮಕ್ಕಳೂ ಆದರು. ಮುಖಪ್ಪ ಒಂಟಿಯಾಗಿಯೇ ಉಳಿದ. ಯಂತ್ರದಲ್ಲಿ ಅಚ್ಚಾದ ಬ್ಯಾನರುಗಳು ಬಂದು ಶೆಡ್ಡು ಮುಚ್ಚಿದ ಮೇಲೆ ಅಂಗಡಿಗಳ ಬೋರ್ಡು ಬರೆದು ಹೊಟ್ಟೆ ಹೊರೆದುಕೊಂಡ.

ಒಂದು ಮಧ್ಯಾಹ್ನ ಹರಟುತ್ತ ಕೂತಿದ್ದ ಮೋಡಪ್ಪ ಇದ್ದಕ್ಕಿದ್ದಂತೆ ಕೇಳಿದ: "ನಿಂಗೂ ಅವಳು ಇಷ್ಟ ಇದ್ಲಾ?"

"ಹೂಂ."

"ಮತ್ಯಾಕೋ ಬಾಯಿ ಬಿಡ್ಲಿಲ್ಲ, ಪುಣ್ಯಾತ್ಮ!"

"ನಿಂಗೋಸ್ಕರ ಅಂತ ಅಂದ್ಕೊಂಡಿದ್ದೆ. ಸುಳ್ಳು ಕಣೋ. ಅವಳು ಬೇಡ ಅಂದ್ಬಿಟ್ರೆ ಅಂತ ಹೆದರಿಕೆ. ನಿನ್ನ ಮುಂದೆ ಮಾಡಿ ನಾನು ತಪ್ಪಿಸ್ಕೊಂಡೆ." ಮುಖಪ್ಪ ಮುಂದುವರಿಸಿದ: "ಒಂದ್ಸಲ ಆ ಅಚ್ಚುಕೂಟದ ತನಕ ಹೋಗಿದ್ದೆ. ಕಿಟಕೀಲಿ ಕಂಡ್ಲು. ತಲೆ ಬಗ್ಗಿಸ್ಕೊಂಡು ಏನೋ ತಿದ್ತಾ ಇದ್ಲು. ಕರೀಲಿಲ್ಲ, ವಾಪಸ್ ಬಂದೆ."

"ಆಗ್ಲೂ ಹೆದರಿಕೇನಾ?"

ಮುಖಪ್ಪ ಗೆಳೆಯನ ಕಡೆ ನೋಡಲಿಲ್ಲ.

"ಆಗ್ಲೂ."